ಗುಜರಿ ಜಿಪ್ಸಿಯಿಂದ ಕೆಸರಿನ ರೇಸ್ ಗಾಡಿ: ತೂಕ ಎಲ್ಲಿ ಇಳಿಸಬೇಕು, ಎಲ್ಲಿ ಇಳಿಸಬಾರದು

ಪ್ರಶ್ನೆ: ಸರ್, ನಮಸ್ಕಾರ. ಸಕಲೇಶಪುರದ ಹತ್ತಿರ ನನ್ನದೊಂದು ಚಿಕ್ಕ ವೆಲ್ಡಿಂಗ್ ಶಾಪ್ ಇದೆ. ನಮ್ಮ ಕಡೆ ಮಳೆಗಾಲದಲ್ಲಿ ನಡೆಯೋ ಕೆಸರಿನ ಜೀಪ್ ರೇಸಿಗೆ ಹಗುರವಾದ ಗಾಡಿ ಕಟ್ಟಬೇಕು ಅಂತ ಎರಡು ವರ್ಷದಿಂದ ಸಾಮಾನು ಕೂಡಿಹಾಕ್ತಾ ಇದ್ದೀನಿ. ಈಗ ಕೈಯಲ್ಲಿರೋದು ಇಷ್ಟು: ಎಸ್ಟೇಟ್ ಒಂದರಲ್ಲಿ ಮೂಲೆಗೆ ಬಿದ್ದಿದ್ದ ಹಳೇ 1000 ಸಿಸಿ ಮಾರುತಿ ಜಿಪ್ಸಿ (ಇಂಜಿನ್ ಸೀಜ್ ಆಗಿದೆ, ಚಾಸಿಗೆ ಅಲ್ಲಲ್ಲಿ ತುಕ್ಕು), ಬೆಂಗಳೂರಿನ ಗುಜರಿಯಿಂದ ತಂದ ಮಾರುತಿ ಎಸ್ಟೀಮ್ ಕಾರಿನ ಇಂಜಿನ್, ಒಂದೂವರೆ ಇಂಚಿನ ಜಿಐ ಪೈಪ್ ಐದು ಉದ್ದ, ಟ್ರ್ಯಾಕ್ಟರಿನ ಮುಂದಿನ ಚಕ್ರದ 6.00-16 ಟೈರ್ ನಾಲ್ಕು. ಸ್ನೇಹಿತರು ಕೆಲವರು, ‘ಪೆಟ್ರೋಲ್ ಇಂಜಿನ್ ಕೆಸರಲ್ಲಿ ಎಳೆಯಲ್ಲ, ಮಹೀಂದ್ರ ಡಿಐ ಇಂಜಿನ್ ಕೂರಿಸು’ ಅಂತಾರೆ. ಇನ್ನು ಕೆಲವರು, ‘ಚಾಸಿಗೆ ತೂತು ಹೊಡೆದು ತೂಕ ಇಳಿಸು, ಡಿಫರೆನ್ಷಿಯಲ್ ವೆಲ್ಡ್ ಮಾಡಿಬಿಡು’ ಅಂತಾರೆ. ಗಾಡಿ ಎಷ್ಟು ಹಗುರ ಇದ್ರೆ ಸರಿ? ಜಿಪ್ಸಿ ಆಕ್ಸೆಲ್ ತಡೆಯುತ್ತಾ? ರೇಸಿನ ಜಾಗಕ್ಕೆ ರಸ್ತೆ ಮೇಲೆ ಓಡಿಸಿಕೊಂಡು ಹೋಗಬಹುದಾ?

ಉತ್ತರ: ಮೊದಲು ನೇರ ಮಾತು. ಜಿಪ್ಸಿ ಮತ್ತು ಎಸ್ಟೀಮ್ ಇಂಜಿನ್, ಇವೆರಡೂ ಒಳ್ಳೆಯ ಆಯ್ಕೆ. ಜಿಐ ಪೈಪ್ ಮತ್ತು ಟ್ರ್ಯಾಕ್ಟರ್ ಟೈರ್, ಇವೆರಡನ್ನೂ ಈ ಗಾಡಿಗೆ ಹಾಕಬೇಡಿ. ಪೈಪು ಗಾಡಿ ಮಗುಚಿದರೆ ಡ್ರೈವರನ್ನು ಕಾಯುವ ಕೇಜಿಗೆ (ಕೊಳವೆಗಳ ಪಂಜರಕ್ಕೆ) ಹೋಗುವಂಥದ್ದು, ಹಾಗಾಗಿ ಅದು ನಿಮ್ಮ ಪ್ರಾಣದ ವಿಷಯ; ಟೈರು ಗೆಲ್ಲುವ ವಿಷಯ. ಎರಡಕ್ಕೂ ಕಾರಣ ಕೆಳಗಿದೆ.

ನಿಮ್ಮ ಕಳವಳವೆಲ್ಲ ಕೊನೆಗೆ ಬಂದು ನಿಲ್ಲುವುದು ತೂಕದ ಮೇಲೆ. ಹಗುರ ಮಾಡಿದರೆ ಓಡುತ್ತದೆ, ಆದರೆ ಮುರಿಯುತ್ತದಾ ಎಂಬ ಭಯ ನಿಮಗೆ. ವಾಸ್ತವ ಇದಕ್ಕೆ ತಿರುವುಮುರುವು. ಗುಜರಿ ಸಾಮಾನಿನ ಗಾಡಿ ಮುರಿಯದೆ ಉಳಿಯುವುದೇ ಹಗುರವಾಗಿದ್ದರೆ. ಲೋ ಗೇರಿನಲ್ಲಿ ಎಸ್ಟೀಮಿನ 1300 ಸಿಸಿ ಇಂಜಿನ್ ಕೊಡುವ ತಿರುವುಬಲ ಚಕ್ರ ಜಾರುವ ಮಿತಿಗಿಂತ ಬಹಳ ಮೇಲಿರುತ್ತದೆ. ಹಾಗಾಗಿ ಆಕ್ಸೆಲ್ ಶಾಫ್ಟಿನ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂಬುದನ್ನು ತೀರ್ಮಾನಿಸುವುದು ಇಂಜಿನ್ ಅಲ್ಲ, ಚಕ್ರದ ಹಿಡಿತ. ಚಕ್ರವೊಂದರ ಮೇಲೆ 250 ಕೆಜಿ ಭಾರವಿದೆ, ಟೈರಿನ ಅರ್ಧವ್ಯಾಸ 36 ಸೆಂ.ಮೀ. ಎಂದಿಟ್ಟುಕೊಳ್ಳಿ. ಕೆಸರಿನಡಿಯ ಕಲ್ಲನ್ನು ಟೈರ್ ಗಟ್ಟಿಯಾಗಿ ಕಚ್ಚಿದ ಕ್ಷಣ ಶಾಫ್ಟಿನ ಮೇಲೆ ಬೀಳುವುದು ಸುಮಾರು 880 ನ್ಯೂಟನ್ ಮೀಟರ್. ಅದೇ ಗಾಡಿಗೆ ಭಾರದ ಇಂಜಿನ್ ಕೂರಿಸಿ, 31 ಇಂಚಿನ ಟೈರ್ ಹಾಕಿ, ಚಕ್ರದ ಮೇಲಿನ ಭಾರ 330 ಕೆಜಿ ಆಯಿತೆನ್ನಿ. ಹೊರೆ 1260 ದಾಟುತ್ತದೆ, ಅಂದರೆ ಶೇ 40ಕ್ಕೂ ಹೆಚ್ಚು. ಶಾಫ್ಟ್ ಮಾತ್ರ ಅದೇ ಹಳೆಯದು. ‘ಜಿಪ್ಸಿ ಆಕ್ಸೆಲ್ ತಡೆಯಲ್ಲ’ ಎಂಬ ಮಾತು ಹುಟ್ಟಿದ್ದು ದೊಡ್ಡ ಟೈರ್, ದಪ್ಪ ಬಂಪರ್, ವಿಂಚ್ ಎಲ್ಲ ಹೇರಿಕೊಂಡ ಗಾಡಿಗಳಿಂದ.

ಡೀಸೆಲ್ ಇಂಜಿನ್ ವಿಷಯಕ್ಕೂ ಇದೇ ಉತ್ತರ. ಡಿಐ ಇಂಜಿನ್ ಎಳೆತದಲ್ಲಿ ಕಡಿಮೆಯಿಲ್ಲ, ಮರದ ದಿಮ್ಮಿ ಎಳೆಯುವ ಗಾಡಿಗೆ ಅದೇ ಸರಿ. ಆದರೆ ಅದು ಎರಕದ ಕಬ್ಬಿಣದ ಇಂಜಿನ್, 200 ಕೆಜಿಗೂ ಮೇಲೆ. ಎಸ್ಟೀಮಿನ 1298 ಸಿಸಿ ಇಂಜಿನ್ನಿನ ಬ್ಲಾಕೇ ಅಲ್ಯೂಮಿನಿಯಂ, ಅದರರ್ಧವೂ ತೂಗುವುದಿಲ್ಲ. ನೂರು ಕೆಜಿ ಹೆಚ್ಚುವರಿ ಭಾರವನ್ನು ಮುಂದಿನ ಆಕ್ಸೆಲ್ ಮೇಲೆ ಇಟ್ಟರೆ ಮೂತಿ ಮೊದಲು ಹೂತುಕೊಳ್ಳುತ್ತದೆ, ಮೂತಿ ಹೂತ ಗಾಡಿ ತಿರುಗುವುದಿಲ್ಲ. ಇನ್ನೊಂದು ಕಾರಣ ಚಕ್ರದ ವೇಗ. ನಿಮ್ಮ ಕಡೆಯ ಕೆಂಪು ಜಿಗುಟು ಮಣ್ಣು ಟೈರಿನ ಗುಬ್ಬಿಗಳ ನಡುವೆ ಮೆತ್ತಿಕೊಂಡರೆ ಟೈರು ಬೋಳಾದಂತೆಯೇ ಸರಿ. ಆ ಮಣ್ಣನ್ನು ಸಿಡಿಸಿ ಎಸೆಯಲು ಚಕ್ರ ಬಿರುಸಾಗಿ ತಿರುಗಬೇಕು. ನಿಧಾನಕ್ಕೆ ಸುತ್ತುವ ಡೀಸೆಲ್ ಅಲ್ಲಿ ಸೋಲುತ್ತದೆ, 5500 ಆರ್‌ಪಿಎಂವರೆಗೆ ಸಲೀಸಾಗಿ ಏರುವ ಪೆಟ್ರೋಲ್ ಗೆಲ್ಲುತ್ತದೆ.

ಯಾವ ಗೇರಿನಲ್ಲಿ ಓಡಬೇಕು ಎಂದು ಊಹಿಸಬೇಡಿ, ಎಣಿಸಿ. ಹಿಂದಿನ ಒಂದೇ ಚಕ್ರವನ್ನು ಜಾಕಿನಲ್ಲಿ ಎತ್ತಿ, ಉಳಿದವಕ್ಕೆ ಮುಂದೆ ಹಿಂದೆ ಕಲ್ಲು ಕೊಡಿ. ಟ್ರಾನ್ಸ್‌ಫರ್ ಕೇಸ್ (ಇಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸೆಲಿಗೆ ಹಂಚುವ ಪೆಟ್ಟಿಗೆ) ಎರಡೇ ಚಕ್ರ ಎಳೆಯುವ ಸ್ಥಾನದಲ್ಲಿ, ಗೇರ್ ನ್ಯೂಟ್ರಲ್‌ನಲ್ಲಿ ಇರಲಿ. ಹಿಂದಿನ ಆಕ್ಸೆಲಿಗೆ ಬಲ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿಗೂ ಚಕ್ರಕ್ಕೂ ಸೀಮೆಸುಣ್ಣದ ಗುರುತು ಹಾಕಿ ಚಕ್ರವನ್ನು ಎರಡು ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಎರಡು ಸುತ್ತಿಗೆ ಕ್ರೌನ್ (ಆಕ್ಸೆಲ್ ನಡುವಿನ ದೊಡ್ಡ ಹಲ್ಲುಚಕ್ರ) ಒಂದು ಸುತ್ತು. ಆಗ ಪ್ರೊಪೆಲ್ಲರ್ ಎಷ್ಟು ಸುತ್ತಿತೋ ಅದೇ ಆಕ್ಸೆಲ್ ಅನುಪಾತ. ಅದನ್ನು ಗೇರ್ ಮತ್ತು ಟ್ರಾನ್ಸ್‌ಫರ್ ಅನುಪಾತದಿಂದ ಗುಣಿಸಿದರೆ ಒಟ್ಟು ಅನುಪಾತ. ಸುತ್ತಳತೆ 2.3 ಮೀಟರಿನ ಟೈರಿದ್ದು ಒಟ್ಟು ಅನುಪಾತ 17 ಬಂದರೆ, 5500 ಆರ್‌ಪಿಎಂನಲ್ಲಿ ಚಕ್ರದ ವೇಗ ಗಂಟೆಗೆ ಸುಮಾರು 44 ಕಿ.ಮೀ.; 12.5 ಬಂದರೆ 60. ಉದ್ದನೆಯ ಕೆಸರಿನ ಪಟ್ಟಿಗೆ 40ರಿಂದ 60ರ ನಡುವೆ ಚಕ್ರ ತಿರುಗಿಸುವ ಗೇರನ್ನು ಮೊದಲೇ ಆರಿಸಿಕೊಂಡು ಇಳಿಯಿರಿ. ಕೆಸರಿನ ಮಧ್ಯೆ ಗೇರ್ ಬದಲಿಸಲು ಕ್ಲಚ್ ಒತ್ತಿದಿರೋ, ಗಾಡಿ ಅಲ್ಲೇ ಕೂರುತ್ತದೆ.

ಇಂಜಿನ್ ಕೂರಿಸುವ ಕೆಲಸ ಕಷ್ಟವಲ್ಲ, ಆದರೆ ಗುಜರಿಯಲ್ಲಿ ಒಂದು ಮೋಸ ಹೋಗುವ ಜಾಗವಿದೆ. ಎಸ್ಟೀಮಿನಲ್ಲಿ ಎರಡು ಬಗೆ ಬಂದಿವೆ: ಮೊದಲು ಬಂದ ಕಾರ್ಬುರೇಟರಿನ 8 ವಾಲ್ವಿನದು, ಆಮೇಲಿನ ಎಂಪಿಎಫ್‌ಐ (ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) 16 ವಾಲ್ವಿನದು. ಶಕ್ತಿ ಮೊದಲನೆಯದರಲ್ಲಿ 65 ಎಚ್‌ಪಿ, ಎರಡನೆಯದರಲ್ಲಿ 85. ನಿಮಗೆ ಬೇಕಿರುವುದು ಎರಡನೆಯದು. ಕಾರಣ ಬರೀ ಶಕ್ತಿಯಲ್ಲ. ಗಾಡಿ ಓರೆಯಾದಾಗ ಕಾರ್ಬುರೇಟರಿನ ಫ್ಲೋಟ್ ತಪ್ಪುತ್ತದೆ, ಒಂದೋ ಪೆಟ್ರೋಲ್ ತುಂಬಿ ಕಟ್ಟುತ್ತದೆ, ಇಲ್ಲವೇ ಬರುವುದೇ ಇಲ್ಲ. ಎಂಪಿಎಫ್‌ಐಗೆ ಆ ಕಾಟವಿಲ್ಲ. ಆದರೆ ಇಂಜಿನ್ ಯಾವ ಕಾರಿನದೋ ಅದೇ ಕಾರಿನ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್), ಕತ್ತರಿಸದ ಪೂರ್ತಿ ವೈರಿಂಗ್, ಸೆನ್ಸರ್‌ಗಳು ಜೊತೆಗೇ ಬರಬೇಕು. ವೈರಿಂಗ್ ಅರ್ಧಕ್ಕೆ ಕತ್ತರಿಸಿ ಕೊಟ್ಟಿದ್ದರೆ ವಾಪಸ್ ಹೋಗಿ ಉಳಿದರ್ಧ ಕೇಳಿ. ಬಿಡಿ ಬಿಡಿಯಾಗಿ ಜೋಡಿಸಿದ ವೈರಿಂಗ್ ಶೆಡ್ಡಿನಲ್ಲಿ ಸ್ಟಾರ್ಟ್ ಆಗುತ್ತದೆ, ನೀರು ಬಿದ್ದ ಮೇಲೆ ಕೈಕೊಡುತ್ತದೆ.

ಎಸ್ಟೀಮಿನಲ್ಲಿ ಇಂಜಿನ್ ಅಡ್ಡಕ್ಕೆ ಕೂತಿರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಹಾಗಾಗಿ ಇಂಜಿನ್ ಅಡಿಯ ಆಯಿಲ್ ಸಂಪ್, ಅದರೊಳಗಿನ ಆಯಿಲ್ ಪಿಕಪ್ ಪೈಪ್, ಇಂಜಿನ್ ಮೌಂಟಿಂಗ್ ಬ್ರಾಕೆಟ್ ಮೂರನ್ನೂ ಆಮೇಲೆ ಬಂದ 1300 ಸಿಸಿಯ ಜಿಪ್ಸಿ ಕಿಂಗ್‌ನಿಂದ ತರಬೇಕು. ನಿಮ್ಮ 1000 ಸಿಸಿ ಜಿಪ್ಸಿಯ ಗೇರ್‌ಬಾಕ್ಸ್ ಈ ಇಂಜಿನ್ನಿಗೆ ನೇರವಾಗಿ ಕೂರುವುದಿಲ್ಲ, ಕಿಂಗ್‌ನ ಗೇರ್‌ಬಾಕ್ಸ್ ಬೇಕು. ಟ್ರಾನ್ಸ್‌ಫರ್ ಕೇಸನ್ನು ಮಾತ್ರ ಹಳೆಯದನ್ನೇ ಉಳಿಸಿಕೊಳ್ಳಿ. 1000 ಸಿಸಿಯದರಲ್ಲಿ ಲೋ ಅನುಪಾತ ಕಿಂಗ್‌ನದಕ್ಕಿಂತ ಆಳ, ಮತ್ತು ಜಿಪ್ಸಿಯಲ್ಲಿ ಅದು ಗೇರ್‌ಬಾಕ್ಸಿನಿಂದ ಬೇರೆಯಾಗಿ ಚಿಕ್ಕ ಶಾಫ್ಟಿನ ಮೂಲಕ ಸೇರುವುದರಿಂದ ಬದಲಾವಣೆ ಸುಲಭ. ಆ ಚಿಕ್ಕ ಶಾಫ್ಟಿನ ಉದ್ದ ಮತ್ತು ಫ್ಲಾಂಜಿನ ತೂತು ತಾಳೆಯಾಗುತ್ತವೆಯೇ ಎಂದು ಗೇರ್‌ಬಾಕ್ಸ್ ಕೊಳ್ಳುವ ಮೊದಲೇ ಅಳೆಯಿರಿ.

ಇಂಜಿನ್ ಕೂರಿಸುವ ಮುನ್ನ ಕಂಪ್ರೆಶನ್ ನೋಡಿ. 170 ಪಿಎಸ್‌ಐಗಿಂತ ಕೆಳಗಿದ್ದರೆ, ಇಲ್ಲವೇ ಸಿಲಿಂಡರುಗಳ ನಡುವೆ 15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ, ಹೆಡ್ ಬಿಚ್ಚದೆ ಮುಂದೆ ಹೋಗಬೇಡಿ. ಟೈಮಿಂಗ್ ಬೆಲ್ಟ್, ಟೆನ್ಷನರ್ ಬೇರಿಂಗ್, ವಾಟರ್ ಪಂಪ್, ಮುಂದಿನ ಮತ್ತು ಹಿಂದಿನ ಆಯಿಲ್ ಸೀಲ್ ಹೊಸದೇ ಆಗಲಿ. ಬೆಲ್ಟ್ ಕವರಿನ ಕೆಳಭಾಗದ ಸಂದಿಗೆ ಸಿಲಿಕಾನ್ ಹಚ್ಚಿ ಮುಚ್ಚಿ. ಅಲ್ಲಿಂದ ನುಗ್ಗುವ ಮರಳುಮಿಶ್ರಿತ ಕೆಸರು ಬೆಲ್ಟಿನ ಹಲ್ಲನ್ನು ಒಂದೇ ದಿನದಲ್ಲಿ ತಿನ್ನಬಲ್ಲದು.

ಚಾಸಿಗೆ ಬರೋಣ. ತುಕ್ಕು ಹೊರಗೆ ಕಾಣುವುದಕ್ಕಿಂತ ಒಳಗೆ ಜಾಸ್ತಿ, ಏಕೆಂದರೆ ಜಿಪ್ಸಿ ಚಾಸಿ ಪೆಟ್ಟಿಗೆಯಂತೆ ಮುಚ್ಚಿದ್ದು. ಒಳಗೆ ಹೋದ ಮಣ್ಣು ಹಸಿಯಾಗಿಯೇ ಕೂತಿರುತ್ತದೆ. ಕಾಲು ಕೆಜಿ ಸುತ್ತಿಗೆ ತೆಗೆದುಕೊಂಡು ಮೂತಿಯಿಂದ ಬಾಲದವರೆಗೆ ಎರಡು ಇಂಚಿಗೊಂದು ಪೆಟ್ಟು ಹೊಡೆಯುತ್ತ ಬನ್ನಿ. ಗಟ್ಟಿ ಜಾಗ ‘ಟಣ್’ ಎನ್ನುತ್ತದೆ. ತುಕ್ಕು ತಿಂದ ಜಾಗ ಒದ್ದೆ ಹಲಗೆ ಬಡಿದಂತೆ ‘ಡಬ್’ ಎನ್ನುತ್ತದೆ, ಒಳಗಿನಿಂದ ಹಕ್ಕಳೆ ಉದುರುವ ಸದ್ದೂ ಕೇಳುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಮೊನೆ ಒತ್ತಿ ತಿರುಚಿ; ಒಳಗಿಳಿದರೆ ಆ ಭಾಗ ಕತ್ತರಿಸಿ ತೆಗೆಯಬೇಕು. ಲೀಫ್ ಸ್ಪ್ರಿಂಗಿನ ಹ್ಯಾಂಗರ್ ಸುತ್ತಮುತ್ತ ಮತ್ತು ಹಿಂದಿನ ಆಕ್ಸೆಲ್ ಮೇಲೆ ಚಾಸಿ ಬಾಗುವ ಜಾಗದಲ್ಲಿ ವಿಶೇಷ ಗಮನವಿರಲಿ. ತೇಪೆಗೆ 3 ಮಿ.ಮೀ. ಪ್ಲೇಟು ಸಾಕು, ಆದರೆ ಅದರ ತುದಿ ನೆಟ್ಟಗೆ ಇರಬಾರದು. ವಜ್ರದಾಕಾರಕ್ಕೆ ಓರೆಯಾಗಿ ಕತ್ತರಿಸಿ. ನೆಟ್ಟನೆಯ ವೆಲ್ಡ್ ಇದ್ದರೆ ಅದರ ಪಕ್ಕದಲ್ಲೇ ಚಾಸಿ ಬಿರುಕು ಬಿಡುತ್ತದೆ. ತೇಪೆಯಾದ ಮೇಲೆ ಗಾರೆಯವರ ತೂಗುಗುಂಡು ಇಳಿಬಿಟ್ಟು, ನಾಲ್ಕು ಸ್ಪ್ರಿಂಗ್ ಹ್ಯಾಂಗರಿನ ಗುರುತನ್ನು ನೆಲಕ್ಕೆ ಇಳಿಸಿ ಕರ್ಣಗಳನ್ನು ಅಳೆಯಿರಿ. ವ್ಯತ್ಯಾಸ 5 ಮಿ.ಮೀ. ಒಳಗಿರಲಿ.

ಚಾಸಿಗೆ ತೂತು ಹೊಡೆಯುವ ಸಲಹೆಯನ್ನು ಮರೆತುಬಿಡಿ. 50 ಮಿ.ಮೀ. ವ್ಯಾಸದ ಇಪ್ಪತ್ತು ತೂತು ಹೊಡೆದರೂ 2 ಮಿ.ಮೀ. ತಗಡಿನಿಂದ ಹೋಗುವ ತೂಕ 600 ಗ್ರಾಮ್ ಚಿಲ್ಲರೆ. ಅದಕ್ಕಾಗಿ ಬಿರುಕಿಗೆ ಇಪ್ಪತ್ತು ಬಾಗಿಲು ತೆರೆದಂತಾಯಿತು. ನಿಜವಾದ ತೂಕ ಇರುವುದು ಬೇರೆ ಕಡೆ: ಹಾರ್ಡ್‌ಟಾಪ್, ಬಾಗಿಲು, ಗಾಜು, ಹಿಂದಿನ ಸೀಟು, ಸ್ಟೆಪ್ನಿ ಮತ್ತು ಅದರ ಸ್ಟ್ಯಾಂಡು, ಬಂಪರ್, ಹಿಂದಿನ ತೊಟ್ಟಿಯ ಪಕ್ಕದ ತಗಡು. ಪೆಟ್ರೋಲೂ ತೂಕವೇ. ಜಿಪ್ಸಿ ಟ್ಯಾಂಕು 40 ಲೀಟರಿನದು, ತುಂಬಿದರೆ ಪೆಟ್ರೋಲೇ 30 ಕೆಜಿ. ರೇಸಿಗೆ 10 ಲೀಟರ್ ಸಾಕು. ಡ್ರೈವರ್ ಕಾಲಡಿಯ ತಗಡು, ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ, ಸ್ಟಿಯರಿಂಗ್ ಕಾಲಂ ಹಿಡಿದಿರುವ ಬ್ರಾಕೆಟ್, ಚಾಸಿಯ ಅಡ್ಡ ಸದಸ್ಯಗಳು, ಇವನ್ನು ಮುಟ್ಟಬೇಡಿ.

ಮೂಲ ಜಿಪ್ಸಿ ಸಾವಿರ ಕೆಜಿಯ ಆಸುಪಾಸಿನ ಗಾಡಿ. ಕೇಜ್ ಸೇರಿಸಿಯೂ ಡ್ರೈವರ್ ಇಲ್ಲದೆ 800ರಿಂದ 850 ಕೆಜಿಗೆ ತರಬಹುದು, ನಿಮ್ಮ ಗುರಿ ಅದೇ ಇರಲಿ. ಅದಕ್ಕೂ ಕೆಳಗೆ ಹೋಗಬೇಕಾದರೆ ಏನನ್ನಾದರೂ ದುರ್ಬಲ ಮಾಡಲೇಬೇಕಾಗುತ್ತದೆ. ವೇ ಬ್ರಿಡ್ಜಿಗೆ ಒಯ್ದು ಮೊದಲು ಮುಂದಿನ ಚಕ್ರಗಳನ್ನಷ್ಟೇ ಏರಿಸಿ, ಆಮೇಲೆ ಇಡೀ ಗಾಡಿ, ಕೊನೆಗೆ ಹಿಂದಿನ ಚಕ್ರ ಮಾತ್ರ. ಲಾರಿ ಕಾಟಾ ಆದ್ದರಿಂದ 5–10 ಕೆಜಿ ಹೆಚ್ಚುಕಮ್ಮಿ ತೋರಿಸುತ್ತದೆ, ಪರವಾಗಿಲ್ಲ. ಮುಂದಿನ ಪಾಲು ಶೇ 52ರಿಂದ 55 ಇದ್ದರೆ ಸರಿ. ಅದಕ್ಕಿಂತ ಹೆಚ್ಚಿದ್ದರೆ ಬ್ಯಾಟರಿಯನ್ನು ಸೀಟಿನ ಹಿಂದಕ್ಕೆ ಸರಿಸಿ. ತೂಕ ಇಳಿದ ಮೇಲೆ ಹಿಂದಿನ ಲೀಫ್ ಸ್ಪ್ರಿಂಗ್ ಬಿಗಿಯಾಗಿ ಗಾಡಿ ಪುಟಿಯತೊಡಗುತ್ತದೆ. ಒಂದು ಪಟ್ಟಿ ತೆಗೆಯಿರಿ, ಆದರೆ ಕಣ್ಣಿರುವ ಮೇನ್ ಪಟ್ಟಿಯನ್ನೂ ಅದರ ಕೆಳಗಿನದನ್ನೂ ಬಿಟ್ಟು. ಯು-ಬೋಲ್ಟನ್ನು ಮೊದಲ ಓಟವಾದ ಮೇಲೆ ಮತ್ತೊಮ್ಮೆ ಬಿಗಿಮಾಡಿ.

ಈಗ ಪೈಪು. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಒಂದೂವರೆ ಇಂಚಿನ ಜಿಐ ಪೈಪು ಮೀಟರಿಗೆ ಸುಮಾರು ಮೂರೂವರೆ ಕೆಜಿ ತೂಗುತ್ತದೆ. ಅಂತರರಾಷ್ಟ್ರೀಯ ಮೋಟಾರ್ ಸ್ಪೋರ್ಟ್ಸ್ ಸಂಸ್ಥೆ ಎಫ್‌ಐಎ ತನ್ನ ನಿಯಮದಲ್ಲಿ ಕೇಳುವುದು ತಣ್ಣಗೆ ಎಳೆದ ಸೀಮ್‌ಲೆಸ್ ಕಾರ್ಬನ್ ಸ್ಟೀಲ್ ಕೊಳವೆ, ಕರ್ಷಣ ಬಲ ಕನಿಷ್ಠ 350 ನ್ಯೂಟನ್ ಪ್ರತಿ ಚದರ ಮಿ.ಮೀ. ಡ್ರೈವರ್ ಬೆನ್ನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ, ಇಲ್ಲವೇ 50ಕ್ಕೆ 2. ಉಳಿದ ಸದಸ್ಯಗಳಿಗೆ 38ಕ್ಕೆ 2.5, ಇಲ್ಲವೇ 40ಕ್ಕೆ 2. 45ರ ಕೊಳವೆ ಮೀಟರಿಗೆ 2.6 ಕೆಜಿ, 38ರದು 2.2. ನಿಮ್ಮ ಗಾಡಿಗೆ ಮುಖ್ಯ ಕಮಾನಿಗೆ 5 ಮೀಟರ್, ಉಳಿದದ್ದಕ್ಕೆ 22 ಮೀಟರ್ ಹಿಡಿದರೂ ಒಟ್ಟು 61–62 ಕೆಜಿ. ಅಷ್ಟೇ ಉದ್ದ ಜಿಐ ಪೈಪ್ ಹಾಕಿದರೆ ಸುಮಾರು 95 ಕೆಜಿ ಆಗುತ್ತದೆ. ಮೂವತ್ತಕ್ಕೂ ಹೆಚ್ಚು ಕೆಜಿ ಭಾರ, ಅದೂ ಗಾಡಿಯ ನೆತ್ತಿಯ ಮೇಲೆ. ಭಾರ ಹೆಚ್ಚಾದರೂ ಭರವಸೆ ಹೆಚ್ಚಲಿಲ್ಲ. ಅದು ನೀರು ಸಾಗಿಸಲು ಮಾಡಿದ ಪೈಪು, ಮಗುಚಿದ ಗಾಡಿಯ ಪೆಟ್ಟು ತಡೆಯಲು ಮಾಡಿದ್ದಲ್ಲ. ಬಾಗಿಸಿದಾಗ, ಜಜ್ಜಿದಾಗ ಅದರ ಉದ್ದನೆಯ ಹೊಲಿಗೆ ಬಿಚ್ಚಿಕೊಳ್ಳಬಹುದು. ಮೇಲಾಗಿ ಸತುವಿನ ಲೇಪದ ಮೇಲೆ ವೆಲ್ಡ್ ಮಾಡಿದರೆ ಒಳಗೆ ಗುಳ್ಳೆ ಉಳಿಯುತ್ತದೆ, ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ವೆಲ್ಡಿಂಗ್ ಶಾಪ್ ಇಟ್ಟಿರುವ ನಿಮಗೆ ಇದು ಗೊತ್ತಿರುತ್ತದೆ. ಆ ಐದು ಉದ್ದ ಪೈಪನ್ನು ಶೆಡ್ಡಿಗೆ ಬಳಸಿ.

ಬಾಗಿಸುವುದು ತಣ್ಣಗೇ ಆಗಬೇಕು, ಗ್ಯಾಸ್ ಕಟ್ಟರಿನಲ್ಲಿ ಕಾಯಿಸಿ ಅಲ್ಲ. ಬಾಗಿನ ಅರ್ಧವ್ಯಾಸ ಕೊಳವೆಯ ವ್ಯಾಸದ ಮೂರು ಪಟ್ಟಿಗೆ ಕಡಿಮೆಯಾಗಬಾರದು. ಬಾಗಿದ ಜಾಗ ಚಪ್ಪಟೆಯಾದರೆ ವರ್ನಿಯರ್ ಹಿಡಿದು ನೋಡಿ: ಕಿರಿದಾದ ಅಳತೆ ಅಗಲದ ಅಳತೆಯ ಶೇ 90ಕ್ಕಿಂತ ಕೆಳಗಿಳಿದಿದ್ದರೆ ಆ ತುಂಡು ಬಿಸಾಡಬೇಕು. ಕೂಡುವ ತುದಿಗಳನ್ನು ಮೀನಿನ ಬಾಯಿಯಂತೆ ಕತ್ತರಿಸಿ, ಸಂದಿ 1 ಮಿ.ಮೀ. ಮೀರದಂತೆ ಕೂರಿಸಿ. ಸಂದಿಯನ್ನು ರಾಡ್ ತುಂಬಿ ಮುಚ್ಚಿದ ಕೂಡಿಕೆ ಹೊರಗೆ ಚಂದ ಕಾಣುತ್ತದೆ, ಒಳಗೆ ಹಿಡಿದಿರುವುದಿಲ್ಲ. ಮಿಗ್ ಇದ್ದರೆ ಒಳ್ಳೆಯದು. ಆರ್ಕ್ ಆದರೆ 7018 ರಾಡ್ ಒಣಗಿಸಿ ಬಳಸಿ; ಮಲೆನಾಡಿನ ಮಳೆಗಾಲದಲ್ಲಿ ತೆರೆದಿಟ್ಟ ರಾಡ್ ತೇವ ಹೀರಿಕೊಂಡು ವೆಲ್ಡಿನ ಪಕ್ಕ ಬಿರುಕು ತರುತ್ತದೆ. ಮೊದಲು ಇಡೀ ಕೇಜಿಗೆ ಟ್ಯಾಕ್ ಹಾಕಿ, ಹೆಲ್ಮೆಟ್ ತೊಟ್ಟು ಒಳಗೆ ಕೂತು ನೋಡಿ. ಹೆಲ್ಮೆಟ್ಟಿಗೂ ಕೊಳವೆಗೂ ಕೈಯಗಲ ಜಾಗವಾದರೂ ಇರಬೇಕು. ಅದಾದ ಮೇಲೆ ಪೂರ್ತಿ ವೆಲ್ಡ್, ಒಂದೇ ಕಡೆ ಸತತವಾಗಿ ಮಾಡದೆ ಎಡ ಬಲ ಬದಲಿಸುತ್ತ. ಕೇಜಿನ ಕಾಲು ತಗಡಿನ ಮೇಲೆ ನಿಲ್ಲಬಾರದು, ಚಾಸಿಯ ಮೇಲೆ ನಿಲ್ಲಬೇಕು. ಪ್ರತಿ ಕಾಲಿಗೂ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತಾರದ ಪ್ಲೇಟು, 8.8 ದರ್ಜೆಯ ಎಂ8 ಬೋಲ್ಟ್ ಮೂರು. ಸೀಟು ಮತ್ತು ಬೆಲ್ಟಿನ ಆಧಾರವೂ ಕೇಜಿಗೋ ಚಾಸಿಗೋ ಸೇರಿರಲಿ. ಸೊಂಟ, ಭುಜ, ತೊಡೆ ನಡುವೆ ಹಿಡಿಯುವ ಐದು ಪಟ್ಟಿಯ ಬೆಲ್ಟ್ ಹಾಕಿ. ಗಾಡಿ ಮಗುಚಿದಾಗ ಕೈ ತಾನಾಗಿ ಹೊರಕ್ಕೆ ಚಾಚುತ್ತದೆ, ಕೇಜಿನಡಿ ಸಿಕ್ಕಿ ಜಜ್ಜುವುದು ಅದೇ ಕೈ. ಅದಕ್ಕೆ ಪಕ್ಕದಲ್ಲಿ ನೆಟ್ ಬೇಕೇ ಬೇಕು.

ಟೈರಿನ ವಿಷಯದಲ್ಲಿ ನಂಬಿಕೆಗಳು ಬಹಳ. ಟ್ರ್ಯಾಕ್ಟರಿನ ಮುಂದಿನ ಟೈರಿಗೆ ಉದ್ದುದ್ದ ಮೂರು ಏಣು ಇರುವುದು ಗಾಡಿ ಪಕ್ಕಕ್ಕೆ ಜಾರದೆ ತಿರುಗಲಿ ಎಂದು. ಎಳೆಯುವ ಕೆಲಸವೇ ಅದಕ್ಕಿಲ್ಲ. ಅದನ್ನು ಎಳೆಯುವ ಚಕ್ರಕ್ಕೆ ಹಾಕಿದರೆ ಕೆಸರಿನಲ್ಲಿ ನಿಂತಲ್ಲೇ ಸುತ್ತುತ್ತದೆ. ‘ಅಗಲವಾದಷ್ಟೂ ಒಳ್ಳೆಯದು’ ಎಂಬುದು ಆಳ ಗೊತ್ತಿಲ್ಲದ ಜೌಗಿಗೆ ನಿಜ, ಗದ್ದೆಗೆ ನಿಜವಲ್ಲ. ವರ್ಷವರ್ಷ ಕೆಸರು ತುಳಿದ ಭತ್ತದ ಗದ್ದೆಯಲ್ಲಿ ಮೇಲಿನ ರಾಡಿಯ ಕೆಳಗೆ, ಸಾಮಾನ್ಯವಾಗಿ ಗೇಣಿನಷ್ಟು ಆಳದಲ್ಲಿ, ನೇಗಿಲ ತಳದಿಂದ ಒತ್ತಿ ಗಟ್ಟಿಯಾದ ಪದರವಿರುತ್ತದೆ. ಕಿರಿದಾದ ಎತ್ತರದ ಟೈರು ರಾಡಿಯನ್ನು ಸೀಳಿ ಆ ಪದರವನ್ನು ಮುಟ್ಟುತ್ತದೆ, ಅಗಲದ ಟೈರು ಮೇಲೇ ತೇಲಿ ಜಾರುತ್ತದೆ. ರೇಸಿನ ಹಿಂದಿನ ದಿನ ಕೋಲು ಹಾಕಿ ಆಳ ನೋಡಿ. ಹಳೇ ಜೀಪುಗಳಿಗೆ ಬರುವ, ಮಿಲಿಟರಿ ಗುಬ್ಬಿಯ ಎನ್‌ಡಿಎಂಎಸ್ 6.00-16 ಟೈರು ನಿಮಗೆ ಸರಿ. ಜಿಪ್ಸಿಗೂ ಮಹೀಂದ್ರ ಜೀಪಿಗೂ ಚಕ್ರದ ಬೋಲ್ಟು ಐದೇ, ವೃತ್ತವೂ 139.7 ಮಿ.ಮೀ. ಒಂದೇ. ಆದರೂ ಮಧ್ಯದ ತೂತು ಹಬ್ಬಿನ ಮೇಲೆ ಕೂರುತ್ತದೆಯೇ, ನಟ್ಟಿನ ಓರೆ ತಾಳೆಯಾಗುತ್ತದೆಯೇ, ತಿರುವಿನ ಕೊನೆಯಲ್ಲಿ ಟೈರು ಸ್ಪ್ರಿಂಗಿಗೆ ತಾಗುತ್ತದೆಯೇ ನೋಡಿಯೇ ಹಾಕಿ. ಇದು ಟ್ಯೂಬ್ ಟೈರ್, ಗಾಳಿ 15 ಪಿಎಸ್‌ಐಗಿಂತ ಇಳಿಸಬೇಡಿ. ಇಳಿಸಿದರೆ ರಿಮ್ಮಿನ ಮೇಲೆ ಟೈರು ಜಾರಿ ವಾಲ್ವ್ ಕಿತ್ತುಬರುತ್ತದೆ. ರಿಮ್ಮಿಗೂ ಟೈರಿಗೂ ಸೇರಿಸಿ ಬಣ್ಣದ ಗೆರೆ ಎಳೆದಿಟ್ಟರೆ ಜಾರಿದ್ದು ತಕ್ಷಣ ಗೊತ್ತಾಗುತ್ತದೆ.

ಡಿಫರೆನ್ಷಿಯಲ್ (ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ವೆಲ್ಡ್ ಮಾಡುವುದು ತಪ್ಪಲ್ಲ, ಹಿಂದಿನದಕ್ಕೆ ಮಾತ್ರ. ಒಂದು ಚಕ್ರ ಗಾಳಿಯಲ್ಲಿದ್ದರೂ ಇನ್ನೊಂದು ಎಳೆಯುತ್ತದೆ ಎಂಬುದು ಲಾಭ. ನಷ್ಟವೆಂದರೆ ಎರಡೂ ಚಕ್ರದ ಬಲ ಒಂದೇ ಶಾಫ್ಟಿಗೆ ಬೀಳಬಹುದು, ಗಟ್ಟಿ ನೆಲದಲ್ಲಿ ತಿರುಗಿಸಿದರೆ ಶಾಫ್ಟ್ ಒಳಗೇ ತಿರುಚಿಕೊಳ್ಳುತ್ತದೆ. ಮಾಡುವುದಾದರೆ ಕ್ರೌನ್ ಜೋಡಣೆ ಹೊರತೆಗೆದು, ಎಣ್ಣೆಯ ಪಸೆಯಿಲ್ಲದಂತೆ ತೊಳೆದು, ಸ್ಪೈಡರ್ ಗೇರುಗಳನ್ನು ಕೈ ಇಡಲಾಗದಷ್ಟು ಬಿಸಿ ಮಾಡಿ, ವೆಲ್ಡ್ ಹಾಕಿ ಬೂದಿಯಲ್ಲಿ ಹೂತು ನಿಧಾನ ಆರಿಸಿ. ಉದುರಿದ ಕಿಟ್ಟದ ಒಂದು ಕಾಳು ಉಳಿದರೂ ಬೇರಿಂಗ್ ಹೋಯಿತು. ಮುಂದಿನದನ್ನು ವೆಲ್ಡ್ ಮಾಡಿದರೆ ಸ್ಟಿಯರಿಂಗ್ ಕೈಗೆ ಬರುವುದಿಲ್ಲ. ಹಿಂದಿನ ಎರಡೂ ಶಾಫ್ಟಿನ ಉದ್ದಕ್ಕೆ ನೇರವಾದ ಬಿಳಿ ಗೆರೆ ಎಳೆದಿಡಿ. ಪ್ರತಿ ರೇಸಿನ ನಂತರ ಹೊರಗೆಳೆದು ನೋಡಿ: ಗೆರೆ ಹುರಿಯಂತೆ ತಿರುಚಿದ್ದರೆ, ಸ್ಪ್ಲೈನಿನ ಹಲ್ಲು ಸ್ವಲ್ಪವೇ ಓರೆಯಾಗಿದ್ದರೂ, ಆ ಶಾಫ್ಟಿನ ಆಯುಸ್ಸು ಮುಗಿದಿದೆ.

ಮುಂದಿನ ಆಕ್ಸೆಲಿನಲ್ಲಿ ಮುರಿಯುವುದು ಚಕ್ರದ ಬಳಿಯ ಗುಂಡಿನ ಜಾಯಿಂಟ್. ಅದರೊಳಗೆ ಆರು ಉಕ್ಕಿನ ಗುಂಡುಗಳಿರುತ್ತವೆ. ಚಕ್ರ ನೇರವಿದ್ದಾಗ ಆರೂ ಸಮನಾಗಿ ಹೊರೆ ಹೊರುತ್ತವೆ; ಪೂರ್ತಿ ತಿರುಗಿಸಿದಾಗ ಹೊರೆ ಒಂದೆರಡರ ಮೇಲೇ ಬಿದ್ದು ಹೊರಗಿನ ಬಟ್ಟಲು ಸೀಳುತ್ತದೆ. ಹೂತ ಗಾಡಿಯನ್ನು ಬಿಡಿಸಲು ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ಆಕ್ಸಿಲರೇಟರ್ ತುಳಿಯುತ್ತಾರಲ್ಲ, ಆಗಲೇ ‘ಫಟ್’ ಎನ್ನುವುದು. ಸ್ಟಿಯರಿಂಗ್ ಸ್ಟಾಪರ್ ಬೋಲ್ಟನ್ನು ಎರಡು ಮೂರು ಸುತ್ತು ಹೊರಕ್ಕೆ ತಂದು ತಿರುವನ್ನು ಸ್ವಲ್ಪ ಕಡಿಮೆ ಮಾಡಿದರೆ ಅರ್ಧ ಅಪಾಯ ತಪ್ಪಿತು. ಅಲ್ಲಿನ ವೈಪರ್ ಸೀಲನ್ನೂ ಹೊಸದು ಹಾಕಿ.

ಕೆಸರಿಗಿಂತ ನೀರು ಮಾಡುವ ಹಾನಿ ಹೆಚ್ಚು, ಏಕೆಂದರೆ ಅದು ಕಾಣುವುದಿಲ್ಲ. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆಯ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಎರಡು ಆಕ್ಸೆಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್, ನಾಲ್ಕರ ಬ್ರೀದರಿಗೂ (ಒಳಗಿನ ಗಾಳಿ ಆಡುವ ತೂತಿಗೂ) ರಬ್ಬರ್ ಪೈಪ್ ಸೇರಿಸಿ ಕೇಜಿನ ಎತ್ತರಕ್ಕೆ ಒಯ್ದು, ತುದಿಗೆ ಬೈಕಿನ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿ. ಖರ್ಚು ಅತ್ಯಲ್ಪ, ಉಳಿಸುವುದು ಕ್ರೌನ್-ಪಿನಿಯನ್ನನ್ನು. ಏರ್ ಫಿಲ್ಟರನ್ನೂ ಅದೇ ಎತ್ತರಕ್ಕೆ ತನ್ನಿ. ಇಂಜಿನ್ ಒಂದು ಗುಟುಕು ನೀರು ಕುಡಿದರೂ ಕನೆಕ್ಟಿಂಗ್ ರಾಡ್ ಬಾಗುತ್ತದೆ. ರೇಡಿಯೇಟರಿಗೆ ಎರಡು ದಾರಿ. ಮುಂದೆಯೇ ಇಟ್ಟು ಜಾಲರಿ ಕಟ್ಟುವುದು ಸುಲಭ, ಆದರೆ ಎರಡೇ ನಿಮಿಷದಲ್ಲಿ ಕೆಸರು ಮೆತ್ತಿಕೊಂಡು ಇಂಜಿನ್ ಕಾಯುತ್ತದೆ. ಸೀಟಿನ ಹಿಂದೆ ಎತ್ತರದಲ್ಲಿ ಇಟ್ಟು, ಎಸ್ಟೀಮಿನದೇ ಎಲೆಕ್ಟ್ರಿಕ್ ಫ್ಯಾನ್ ಹಾಕುವುದು ಮೇಲು. ತೂಕ ಆರೇಳು ಕೆಜಿ ಹೆಚ್ಚುತ್ತದೆ, ಅದು ಹಿಂದಕ್ಕೆ ಬೀಳುವುದರಿಂದ ಒಳ್ಳೆಯದೇ. ಹಾಗೆ ಮಾಡಿದರೆ ಬಿಸಿನೀರಿನ ಪೈಪಿಗೂ ಡ್ರೈವರಿಗೂ ನಡುವೆ ತಗಡಿನ ಮರೆ, ಅತಿ ಎತ್ತರದ ಜಾಗದಲ್ಲಿ ಗಾಳಿ ಬಿಡುವ ತಿರುಪು, ಎರಡನ್ನೂ ಮರೆಯಬೇಡಿ.

ಪೆಟ್ರೋಲ್ ಟ್ಯಾಂಕಿಗೆ ಪ್ಲಾಸ್ಟಿಕ್ ಕ್ಯಾನ್ ಕಟ್ಟುವ ಅಭ್ಯಾಸ ಹಲವು ಕಡೆ ಇದೆ, ಅದನ್ನು ಖಂಡಿತ ಮಾಡಬೇಡಿ. ಎಂಪಿಎಫ್‌ಐ ಪಂಪಿನ ಒತ್ತಡಕ್ಕೆ ಕಾರ್ಬುರೇಟರ್ ಗಾಡಿಯ ರಬ್ಬರ್ ಪೈಪ್ ಒಡೆಯುತ್ತದೆ, ಇಂಜೆಕ್ಷನ್ನಿಗೆಂದೇ ಬರುವ ಪೈಪ್ ಹಾಕಿ. ಟ್ಯಾಂಕಿನ ಗಾಳಿಕೊಳವೆಗೆ ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವ್ ಇರಲಿ. ಬ್ಯಾಟರಿ ಕರೆಂಟ್ ಪೂರ್ತಿ ಕಡಿಯುವ ಸ್ವಿಚ್ ಡ್ರೈವರಿಗೂ, ಹೊರಗೆ ನಿಂತವರಿಗೂ ಎಟುಕುವಂತೆ ಎರಡು ಕಡೆ. ಕೈಗೆ ಸಿಗುವಲ್ಲಿ 2 ಕೆಜಿಯ ಅಗ್ನಿಶಾಮಕ. ಎಳೆದು ತೆಗೆಯಲು ಮುಂದೆ ಹಿಂದೆ ಚಾಸಿಗೇ ಬೋಲ್ಟ್ ಮಾಡಿದ ಕೊಕ್ಕೆ.

ರಸ್ತೆಯ ಪ್ರಶ್ನೆಗೆ ಉತ್ತರ ಒಂದೇ: ಓಡಿಸಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಲಾರಿಯಲ್ಲೋ ಟ್ರೈಲರಿನಲ್ಲೋ ಸಾಗಿಸಿ. ಹಳೇ ಜಿಪ್ಸಿಯ ಆರ್‌ಸಿ ಯಾರ ಹೆಸರಿನಲ್ಲಿದೆಯೋ ಅವರಿಂದಲೇ ಆರ್‌ಟಿಒಗೆ ಅರ್ಜಿ ಕೊಡಿಸಿ ನೋಂದಣಿ ರದ್ದು ಮಾಡಿಸಿ. 55ನೇ ಕಲಂನಲ್ಲಿ ಅದಕ್ಕೆ ಅವಕಾಶವಿದೆ. ಎಸ್ಟೀಮ್ ಇಂಜಿನ್ನಿಗೆ ಇಂಜಿನ್ ನಂಬರ್ ಬರೆದ ಬಿಲ್ ಇಲ್ಲದಿದ್ದರೆ ಈಗಲೇ ಕೇಳಿ ಪಡೆಯಿರಿ. ಕದ್ದ ಗಾಡಿಯ ಇಂಜಿನ್ ಆಗಿದ್ದರೆ ಪೊಲೀಸರು ಮೊದಲು ಬರುವುದು ನಿಮ್ಮ ಶಾಪಿಗೆ. ದೇಶದಲ್ಲಿ ಮೋಟಾರ್ ಸ್ಪೋರ್ಟ್ಸ್ ನೋಡಿಕೊಳ್ಳುವ ಒಕ್ಕೂಟ ಎಫ್‌ಎಂಎಸ್‌ಸಿಐ. ನೀವು ಇಳಿಯುವ ರೇಸಿಗೆ ಅದರ ಅನುಮತಿ ಇದೆಯೇ, ಸ್ಥಳದಲ್ಲಿ ಆಂಬುಲೆನ್ಸ್ ನಿಂತಿರುತ್ತದೆಯೇ ವಿಚಾರಿಸಿ, ಅವರ ನಿಯಮ ಪುಸ್ತಕ ಪಡೆದುಕೊಂಡೇ ಕೊಳವೆ ಕತ್ತರಿಸಲು ಶುರುಮಾಡಿ.

ಗಾಡಿ ಸಿದ್ಧವಾದ ಮೇಲೆ ಮೊದಲ ದಿನ ಒಣ ನೆಲದಲ್ಲಿ ಅರ್ಧ ಗಂಟೆ, ಎಲ್ಲ ಬೋಲ್ಟ್ ಮತ್ತೆ ಬಿಗಿ. ಎರಡನೇ ದಿನ ಮೊಳಕಾಲುದ್ದದ ನೀರು. ಸ್ಟಿಯರಿಂಗ್ ಹಿಡಿಯುವಾಗ ಹೆಬ್ಬೆರಳನ್ನು ಚಕ್ರದ ಒಳಗೆ ಸುತ್ತಬೇಡಿ, ಮೇಲೆ ಇಡಿ. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿ ಕಲ್ಲಿಗೆ ಬಡಿದಾಗ ಸ್ಟಿಯರಿಂಗ್ ಒದೆಯುತ್ತದೆ. ವಾಪಸ್ ಬಂದ ಮೇಲೆ, ಗಾಡಿ ಪೂರ್ತಿ ತಣ್ಣಗಾದ ಮರುದಿನ ಬೆಳಿಗ್ಗೆ, ಎರಡೂ ಹೌಸಿಂಗಿನ ಡ್ರೈನ್ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿ. ನೀರು ಎಣ್ಣೆಗಿಂತ ಭಾರ, ಇದ್ದರೆ ಮೊದಲು ಅದೇ ಇಳಿಯುತ್ತದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಬಸಿದು, ಅಗ್ಗದ ಎಣ್ಣೆ ಹಾಕಿ ಚಕ್ರ ಎತ್ತಿ ಐದು ನಿಮಿಷ ತಿರುಗಿಸಿ, ಅದನ್ನೂ ಬಸಿದು ಹೊಸದು ತುಂಬಿ. ಬ್ರೇಕ್ ಡ್ರಮ್ ಬಿಚ್ಚಿ ತೊಳೆಯುವುದೂ ಅದೇ ಬೆಳಿಗ್ಗೆ ಆಗಬೇಕು, ಒಳಗಿನ ಕೆಂಪು ಮಣ್ಣು ಒಣಗಿ ಕಲ್ಲಾದ ಮೇಲೆ ಲೈನರ್ ಸಮೇತ ಕಿತ್ತುಬರುತ್ತದೆ.